ಕೆಡ್ಡಸದ ಮೂರು ದಿನ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ನಡು ಕೆಡ್ಡಸ. ತುಳುನಾಡಿನವರಿಗೆ ಇಷ್ಟು ಹೇಳಿದರೆ ಸಾಕು. ನಮ್ಮ ಮನೆಯ ಹಾರೆ, ಗುದ್ದಲಿ, ಕತ್ತಿ ಎಲ್ಲ ಈಗ ಎಲ್ಲಿವೆ ಅಂತ ಅವರಿಗೆ ಗೊತ್ತಾಗುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿವೆ. ನಾಡಿದ್ದು ಬೆಳಿಗ್ಗೆಯವರೆಗೆ ಅವನ್ನು ಯಾರೂ ಮುಟ್ಟುವ ಹಾಗಿಲ್ಲ.

ಘಟ್ಟದ ಮೇಲಿನವರಿಗೆ, ದೂರದ ಊರುಗಳಲ್ಲಿ ಕೂತು ಕೇಳುತ್ತಿರುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕೆಡ್ಡಸ ಅಂದರೆ ಭೂಮಿ ತಾಯಿ ಮುಟ್ಟಾಗುವ ಹಬ್ಬ. ತುಳುವಿನ ಪೊನ್ನಿ ತಿಂಗಳ 27ನೇ ದಿನ ಶುರುವಾಗಿ ಕುಂಭ ಸಂಕ್ರಮಣದ ಹೊತ್ತಿಗೆ ಮುಗಿಯುತ್ತದೆ. ಫೆಬ್ರವರಿ 10ರ ಆಚೀಚೆ ಬರುತ್ತದೆ ಅಂತ ಇಟ್ಟುಕೊಳ್ಳಿ. ಮೊದಲ ಕೆಡ್ಡಸ, ನಡು ಕೆಡ್ಡಸ, ಕಡೆ ಕೆಡ್ಡಸ ಅಂತ ಮೂರು ದಿನ. ಈ ಮೂರು ದಿನ ನೆಲ ಅಗೆಯಬಾರದು, ಉಳಬಾರದು. ಹಸಿ ಕಡಿಯಬಾರದು, ಒಣಗಿದ್ದು ಮುರಿಯಬಾರದು. ಹಿಂದೆ ನಲಿಕೆ ಸಮುದಾಯದವರು ಮನೆಮನೆಗೆ ಬಂದು, ಕೆಡ್ಡಸ ಯಾವ ವಾರ, ಏನೆಲ್ಲ ಮಾಡಬಾರದು ಅಂತ ರಾಗವಾಗಿ ಹೇಳಿ ಹೋಗುತ್ತಿದ್ದರು. ಈಗ ಗೋಡೆಯ ಕ್ಯಾಲೆಂಡರ್ ಹೇಳುತ್ತದೆ. ಮೂರು ದಿನ ಕಳೆದು ನಾಲ್ಕನೇ ಬೆಳಿಗ್ಗೆ ಭೂಮಿಗೆ ಎಣ್ಣೆ ಹಾಕಿ ಮೀಯಿಸುವುದು. ಕೆಲವು ಮನೆಗಳಲ್ಲಿ ಮೂರು ದಿನವೂ ಎಣ್ಣೆ ಬಿಡುತ್ತಾರೆ. ಊರೂರಿಗೆ, ಮನೆಮನೆಗೆ ಕ್ರಮ ಬೇರೆ. ನಾನು ನಮ್ಮ ಮನೆಯದ್ದು ಹೇಳುತ್ತಿದ್ದೇನೆ.

ಈ ಹೊತ್ತಿಗೆ ನಮ್ಮ ಊರು ಹೇಗಿರುತ್ತದೆ ಅಂತ ಕಣ್ಣ ಮುಂದೆ ತಂದುಕೊಳ್ಳಿ. ಚಳಿ ಇನ್ನೂ ಪೂರ್ತಿ ಹೋಗಿಲ್ಲ. ಬೆಳಗಿನ ಜಾವ ಬೈಲಿನ ಮೇಲೆ ಮಂಜು ಉಂಟು. ಹತ್ತು ಗಂಟೆಗೆ ಬಿಸಿಲು ಚುರುಕ್ ಅನ್ನುತ್ತದೆ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ ಕೊಯ್ದು ತಿಂಗಳುಗಳಾದವು. ಎತ್ತರದ ಬೆಟ್ಟು ಗದ್ದೆಯ ಮಣ್ಣು ಬಿರುಕು ಬಿಟ್ಟಿದೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು. ಆದರೂ ಈಗ ಬಾವಿಯ ಹಗ್ಗಕ್ಕೆ ವಾರ ಕಳೆದ ಹಾಗೆ ಇನ್ನೊಂದು ಗೇಣು ಬೇಕಾಗುತ್ತದೆ. ತೋಡಿಗೆ ಹಾಕಿದ ಕಟ್ಟದಲ್ಲಿ ನಿಂತ ನೀರೇ ತೋಟಕ್ಕೆ ಗತಿ.

ಒಡಿಶಾದಲ್ಲಿ ರಜ ಪರ್ಬ ಅಂತ ಒಂದು ಹಬ್ಬ ಉಂಟು. ಅಲ್ಲಿಯೂ ಭೂಮಿಗೆ ಮೂರು ದಿನ ಮುಟ್ಟು, ಮೂರು ದಿನ ನೇಗಿಲಿಗೆ ರಜೆ. ಹುಡುಗಿಯರು ಹೊಸ ಬಟ್ಟೆ ಹಾಕಿಕೊಂಡು ಉಯ್ಯಾಲೆ ಆಡುತ್ತಾರೆ. ಅಸ್ಸಾಮಿನ ಕಾಮಾಖ್ಯದಲ್ಲಿ ಅಂಬುಬಾಚಿಗೆ, ದೇವಿ ಮುಟ್ಟಾದಳು ಅಂತ, ಗುಡಿಯ ಬಾಗಿಲು ಮುಚ್ಚುತ್ತಾರೆ. ಇವೆರಡೂ ಬರುವುದು ಜೂನ್ ತಿಂಗಳಲ್ಲಿ. ಮಳೆ ಬಾಗಿಲಿಗೆ ಬಂದು ನಿಂತ ಹೊತ್ತು ಅದು. ನಮ್ಮ ಕೆಡ್ಡಸ, ಪಕ್ಕದ ಕೇರಳದ ಉಚ್ಚಾರಲ್ ಹಾಗಲ್ಲ. ನಮಗೆ ಮಳೆಗಾಲಕ್ಕೆ ಇನ್ನೂ ಹತ್ತಿರ ಹತ್ತಿರ ನಾಲ್ಕು ತಿಂಗಳು ಉಂಟು. ಆಕಾಶದಲ್ಲಿ ತುಂಡು ಮೋಡ ಇಲ್ಲ. ಅಂಥ ಹೊತ್ತಿನಲ್ಲಿ ನಮ್ಮ ಹಿರಿಯರು ಬಿರುಕು ಬಿಟ್ಟ ನೆಲ ನೋಡಿ, ಇವಳು ಹೆರುವವಳು ಅಂದರು. ಮುಟ್ಟು ಅಂದರೆ ಅದೇ ಅಲ್ವಾ? ಹೆರುವ ಶಕ್ತಿ ಒಳಗೆ ಉಂಟು ಅಂತ. ಮೇಲಿಂದ ನೋಡಿದರೆ ಏನೂ ಕಾಣದ ದಿನ ಹಾಗೆ ಹೇಳಲು ಎಷ್ಟು ನಂಬಿಕೆ ಬೇಕು!

ನನಗೆ ಇದು ಅರ್ಥವಾದದ್ದು ತಡವಾಗಿ. ಮದುವೆಯಾಗಿ ಬಂದ ವರ್ಷದಿಂದ ಕೆಡ್ಡಸ ಮಾಡುತ್ತಿದ್ದೆ. ಅತ್ತೆ ಹೇಳಿದ ಹಾಗೆ ಮಾಡುತ್ತಿದ್ದೆ, ಅಷ್ಟೆ. ಕುಚ್ಚಲಕ್ಕಿ, ಹುರುಳಿ ಹುರಿದು ಪುಡಿ ಮಾಡುವುದು. ಅದಕ್ಕೆ ಬೆಲ್ಲ, ತೆಂಗಿನಕಾಯಿ ತುರಿ, ತುಪ್ಪ, ಬಾಳೆಹಣ್ಣು ಹಾಕಿ ಕಲಸುವುದು. ನನ್ನೆರಿ ಅಂತೇವೆ, ಕುಡುಅರಿ ಅಂತಲೂ ಹೇಳುವವರಿದ್ದಾರೆ. ಮಧ್ಯಾಹ್ನಕ್ಕೆ ನುಗ್ಗೆ ಬದನೆ ಪದಾರ್ಥ. ಬೇಟೆಗೆ ಹೋಗುವ ಕ್ರಮವೂ ಹಿಂದೆ ಇತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ನಿಲ್ಲಬೇಕಾದದ್ದೇ ಅದು. ಹಸಿ ಗೆಲ್ಲು ಕಡಿಯಬಾರದ ದಿನ ಒಂದು ಜೀವ ತೆಗೆಯುವುದು ನನಗೆ ಯಾವತ್ತೂ ಸರಿ ಕಂಡಿರಲಿಲ್ಲ.

ಆರು ವರ್ಷದ ಹಿಂದಿನ ಮಾತು. ಆ ವರ್ಷ ಆಟಿ ತಿಂಗಳಿಡೀ, ಅಂದರೆ ಜುಲೈ-ಆಗಸ್ಟಿನಲ್ಲಿ, ಮಳೆ ಬಿಡಲೇ ಇಲ್ಲ. ಅಡಿಕೆಗೆ ಮದ್ದು ಬಿಡಲು ಒಂದು ದಿನದ ಬಿಸಿಲೂ ಸಿಗಲಿಲ್ಲ. ಕೊಳೆರೋಗ ಹಿಡಿಯಿತು. ಎಳೆ ಅಡಿಕೆ ಮರದ ಬುಡದಲ್ಲಿ ಹಾಸಿದ ಹಾಗೆ ಬಿದ್ದಿತ್ತು. ಕಾಲಿಟ್ಟಲ್ಲಿ ಅದೇ ವಾಸನೆ. ಅದರ ಮುಂದಿನ ಸೋಣ ತಿಂಗಳಲ್ಲಿ ನಮ್ಮ ಮನೆಯವರು ಹೋದರು. ರಾತ್ರಿ ಗಂಜಿ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ.

ನಾನು ಅಳಲಿಲ್ಲ ಅಂತಲ್ಲ. ಕೂತು ಅಳಲಿಲ್ಲ. ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮರುದಿನವೇ ತೋಟಕ್ಕೆ ಇಳಿದೆ. ಬೆಳಿಗ್ಗೆ ನಾಲ್ಕಕ್ಕೆ ಏಳುವುದು, ಹಾಲು ಕರೆಯುವುದು, ಹುಲ್ಲು, ಸೊಪ್ಪು, ಡೈರಿ, ತೋಟ. ರಾತ್ರಿ ಹಾಸಿಗೆಗೆ ಬಿದ್ದರೆ ಯೋಚನೆ ಬರಬಾರದು, ಅಷ್ಟು ಸುಸ್ತಾಗಬೇಕು. ಜನ ಗಟ್ಟಿಗಿತ್ತಿ ಅಂದರು. ಅವರು ಹಾಗೆ ಹೇಳಿದಷ್ಟೂ ನಾನು ಇನ್ನೂ ಬೇಗ ಏಳುತ್ತಿದ್ದೆ. ಕಣ್ಣ ಕೆಳಗೆ ಕಪ್ಪಾಯಿತು. ಮಗಳ ಜೊತೆ ಮಾತಾಡಿದರೆ ಜಗಳವೇ. ಪಿಯುಸಿ ಓದುತ್ತಿದ್ದ ಹುಡುಗಿ, ಅಪ್ಪನನ್ನು ಕಳೆದುಕೊಂಡವಳು. ಅವಳಿಗೂ ಒಂದು ದುಃಖ ಉಂಟು ಅಂತ ನೋಡಲು ನನಗೆ ಪುರುಸೊತ್ತಿರಲಿಲ್ಲ.

ಮೊದಲ ಕೆಡ್ಡಸದ ದಿನ ಬೆಳಿಗ್ಗೆ ನಾನು ಮಜಲು ಗದ್ದೆಯಲ್ಲಿ ಸೌತೆ ಹಾಕಲು ಗುಂಡಿ ತೆಗೆಯುತ್ತಿದ್ದೆ. ದಿನ ಯಾವುದು ಅಂತ ಗೊತ್ತಿತ್ತು. ಗೊತ್ತಿದ್ದೇ ಅಗೆಯುತ್ತಿದ್ದೆ. ಈ ನೆಲ ನನಗೇನು ಕೊಟ್ಟಿದೆ ಅಂತ ಒಂದು ಸಿಟ್ಟು. ಅತ್ತೆಗೆ ಆಗಲೇ ಎಂಬತ್ತು. ಕೋಲೂರಿಕೊಂಡು ಗದ್ದೆಯ ಬದುವಿನವರೆಗೆ ಬಂದರು. ಬೈಯಲಿಲ್ಲ. “ಇನಿ ಕೆಡ್ಡಸ ಮಗಾ, ಕೊಟ್ಟು ದೀಲ” ಅಂದರು. ಇವತ್ತು ಕೆಡ್ಡಸ, ಗುದ್ದಲಿ ಕೆಳಗಿಡು ಅಂತ. ನಾನು ನಿಲ್ಲಿಸಲಿಲ್ಲ. ಅವರು ಅಲ್ಲೇ ಬದುವಿನ ಮೇಲೆ ಕೂತರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, “ಅವಳಿಗೂ ಸೊಂಟ ನೋಯುತ್ತದೆ. ನಿನಗೂ ನೋಯುತ್ತದೆ. ಇಬ್ಬರೂ ಮೂರು ದಿನ ಸುಮ್ನೆ ಇರಿ.”

ಗುದ್ದಲಿ ಕೈಯಿಂದ ಜಾರಿತು. ಆ ಬದುವಿನ ಮೇಲೆ ಅತ್ತೆಯ ಪಕ್ಕ ಕೂತು ಆ ದಿನ ಅತ್ತದ್ದನ್ನು ನಾನು ಹೇಗೆ ಹೇಳಲಿ? ಬಿಸಿಲು ಏರುವವರೆಗೆ ಅಳುತ್ತಲೇ ಇದ್ದೆ. ಅವರು ಬೆನ್ನು ಸವರುತ್ತಾ ಕೂತಿದ್ದರು. ಹೋದವನು ಅವರ ಮಗ ಕೂಡ.

ಆಮೇಲೆ ಎರಡು ದಿನ ನಾನು ಏನೂ ಮಾಡಲಿಲ್ಲ. ದನಕ್ಕೆ ಹುಲ್ಲು ಮೊದಲೇ ತಂದಿಟ್ಟದ್ದಿತ್ತು. ನನ್ನೆರಿ ತಿಂದೆವು. ಜಗಲಿಯಲ್ಲಿ ಮಲಗಿದೆ. ಮಗಳು ಬಂದು ತೊಡೆಯ ಮೇಲೆ ತಲೆ ಇಟ್ಟಳು. ಕೆಲಸ ಬಿಟ್ಟರೆ ಬಿದ್ದುಹೋಗುತ್ತೇನೆ ಅಂತ ಆರು ತಿಂಗಳು ಹೆದರಿದ್ದೆ. ಬಿದ್ದೆ, ನಿಜ. ಆದರೆ ಕೆಳಗೆ ನೆಲ ಇತ್ತು.

ಜಗಲಿಯಿಂದ ನೋಡಿದರೆ ಮನೆಯ ಎದುರಿನ ಕಾಟುಮಾವಿನ ಮರ. ಹೂವು ಬಂದಿತ್ತು. ಆರು ತಿಂಗಳು ಅದರ ಕೆಳಗೇ ಓಡಾಡಿದವಳು ಆ ದಿನ ತಲೆ ಎತ್ತಿ ನೋಡಿದೆ. ಮಾವಿನ ಮರಕ್ಕೆ ಹೂ ಬರಬೇಕಾದರೆ ಚಳಿ ಬೇಕು, ಒಣ ಹವೆ ಬೇಕು. ಆಗ ಮರ ಹೊಸ ಚಿಗುರು ಬಿಡುವುದನ್ನು ನಿಲ್ಲಿಸುತ್ತದೆ. ಹಾಗೆ ನಿಂತ ಗೆಲ್ಲಿನ ತುದಿಯಲ್ಲೇ ಹೂ ಬರುವುದು. ನೀರು ಜಾಸ್ತಿಯಾಗಿ ಚಿಗುರುತ್ತಲೇ ಇದ್ದರೆ ಆ ವರ್ಷ ಮಾವಿಲ್ಲ. ಗೇರಿಗೂ ಇದೇ ಕಾಲ. ಊರೆಲ್ಲ ಒಣಗಿದೆ ಅನ್ನುವ ತಿಂಗಳಲ್ಲಿ ಗುಡ್ಡದ ಗೇರು ಹೂವಿನ ವಾಸನೆ ಅಂಗಳದವರೆಗೆ ಬರುತ್ತದೆ.

ಮಗಳು ಆಗ ಒಂದು ಪ್ರಶ್ನೆ ಕೇಳಿದಳು. “ಅಜ್ಜಿ, ಭೂಮಿ ಮುಟ್ಟಾದರೆ ಹಬ್ಬ ಮಾಡ್ತೀರಿ. ನಾನು ಮುಟ್ಟಾದರೆ ಮಾತ್ರ ಅಡುಗೆಮನೆಗೆ ಬರಬೇಡ ಅಂತೀರಲ್ಲ?” ಅತ್ತೆ ಸುಮಾರು ಹೊತ್ತು ಮಾತಾಡಲಿಲ್ಲ. “ನನಗೆ ಹೇಳಿದ್ದನ್ನು ನಾನು ಹೇಳಿದೆ” ಅಂದರು. ಅವತ್ತಿಗೆ ಅಷ್ಟೇ. ಆದರೆ ಆಮೇಲೆ ನಮ್ಮ ಮನೆಯಲ್ಲಿ ಯಾರನ್ನೂ ಹೊರಗೆ ಕೂರಿಸಿಲ್ಲ. ಆ ದಿನಗಳಲ್ಲಿ ಅವಳಿಗೆ ಭಾರದ ಕೆಲಸ ಹೇಳುವುದಿಲ್ಲ. ಹೊಟ್ಟೆಗೆ ಬಿಸಿ ಏನಾದರೂ ಕೊಡುತ್ತೇವೆ. ಭೂಮಿಗೆ ಕೊಡುವ ವಿಶ್ರಾಂತಿ ಮನೆಯ ಹೆಣ್ಣಿಗೂ ಸಿಗಬೇಕು. ಹಬ್ಬದ ಒಳಗೆ ಇರುವುದೂ ಅದೇ ಅಂತ ನಾನು ನಂಬಿದ್ದೇನೆ. ಬೇಡದ್ದನ್ನು ಮಧ್ಯದಲ್ಲಿ ಯಾರೋ ಸೇರಿಸಿದ್ದಾರೆ.

ನಾಲ್ಕನೇ ಬೆಳಿಗ್ಗೆ ಬಂತು. ಭೂಮಿಗೆ ಎಣ್ಣೆ ಬಿಡುವುದು ಮುತ್ತೈದೆಯ ಕೆಲಸ ಅಂತ ಕ್ರಮ. ಮಾವ ಹೋದ ಮೇಲೆ ಅತ್ತೆ ಬಿಟ್ಟಿದ್ದರು, ನಾನು ಮಾಡುತ್ತಿದ್ದೆ. ಈಗ ನಾನೂ ಇಲ್ಲ. ಕತ್ತಲೆ ಇರುವಾಗಲೇ ಎಚ್ಚರವಾಗಿ, ಎದ್ದು ಹೊರಗೆ ಹೋಗುವ ಧೈರ್ಯ ಇಲ್ಲದೆ ಮಲಗಿದ್ದೆ. ಅಂಗಳದಲ್ಲಿ ಪೊರಕೆಯ ಸದ್ದು ಕೇಳಿತು. ಹೋಗಿ ನೋಡಿದರೆ ಅತ್ತೆ ತುಳಸಿಕಟ್ಟೆಯ ಎದುರು ಬಗ್ಗಿ ಗುಡಿಸುತ್ತಿದ್ದಾರೆ. ಸೆಗಣಿ ಸಾರಿಸಿ, ಬೂದಿಯಲ್ಲಿ ಒಂದು ವೃತ್ತ ಬರೆದರು. ಬಾಳೆ ಎಲೆಯ ಕೀತಿನಲ್ಲಿ ಅರಸಿನ, ಕುಂಕುಮ, ಸೀಗೆಪುಡಿ, ಒಂದು ಹಿಡಿ ನನ್ನೆರಿ ಇಟ್ಟರು. ಎಣ್ಣೆಯ ಕುಡಿಕೆಯನ್ನು ನನ್ನ ಕೈಗೆ ಕೊಟ್ಟರು.

ನಾನು ಹಿಂದೆ ಸರಿದೆ. ಅವರು ಹೇಳಿದ್ದು ಇಷ್ಟೇ: “ಅವಳಿಗೆ ಬೇಕಾದದ್ದು ಎಣ್ಣೆ. ನಿನ್ನ ಕರಿಮಣಿ ಅಲ್ಲ.”

ಎಣ್ಣೆ ಗಟ್ಟಿಯಾಗಿತ್ತು. ತೆಂಗಿನೆಣ್ಣೆ 24 ಡಿಗ್ರಿಗಿಂತ ತಂಪಾದರೆ ಬೆಣ್ಣೆಯ ಹಾಗೆ ಕೂತುಬಿಡುತ್ತದೆ. ಒಲೆ ಇನ್ನೂ ಹಚ್ಚಿರಲಿಲ್ಲ. ಕುಡಿಕೆಯನ್ನು ಎರಡೂ ಅಂಗೈಯ ನಡುವೆ ಹಿಡಿದು ನಿಂತೆ. ಅತ್ತೆ ತಮ್ಮ ಕೈಯನ್ನು ನನ್ನ ಕೈಯ ಮೇಲೆ ಇಟ್ಟರು. ಮಗಳು ಎದ್ದು ಬಂದು ಕಣ್ಣುಜ್ಜುತ್ತಾ ನೋಡಿದಳು, ಅವಳೂ ಕೈ ಸೇರಿಸಿದಳು. ಮೊದಲು ಅಂಚಿನಲ್ಲಿ ತೆಳ್ಳಗೆ ಕರಗಿತು. ನಡುವಿನ ಬಿಳಿ ಗಟ್ಟಿ ಮೆಲ್ಲನೆ ತೇಲತೊಡಗಿತು. ಆಮೇಲೆ ಅದೂ ಕಾಣದಾಯಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ. ಮೂರು ಜನ ಸೇರಿ ಎಣ್ಣೆ ಬಿಟ್ಟೆವು. ನೆಲ ಕೂಡಲೇ ಹೀರಲಿಲ್ಲ. ಹನಿ ಮಣ್ಣಿನ ಮೇಲೆ ಮಣಿಯ ಹಾಗೆ ನಿಂತಿತು, ಮತ್ತೆ ಸುತ್ತ ಕಪ್ಪಗೆ ಒದ್ದೆಯಾಗುತ್ತಾ ಒಳಗೆ ಹೋಯಿತು. ಆ ಹೊತ್ತು ಎದ್ದ ಮಣ್ಣಿನ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಉಂಟು.

ಬಿಸಿಲು ಬಂದ ಮೇಲೆ ಗುದ್ದಲಿ ತೆಗೆದುಕೊಂಡು ಅರ್ಧಕ್ಕೆ ಬಿಟ್ಟ ಗುಂಡಿಯ ಹತ್ತಿರ ಹೋದೆ. ಹತ್ತು ಗಂಟೆಗೆ ಸುಸ್ತಾಯಿತು. ಸುಸ್ತಾಯಿತು ಅಂತ ಮನೆಗೆ ಬಂದೆ. ಹಾಗೆ ಬಂದದ್ದು ಆರು ತಿಂಗಳಲ್ಲಿ ಅದೇ ಮೊದಲು.

ಅತ್ತೆಗೆ ಈಗ ಎಂಬತ್ತಾರು. ಬಗ್ಗಲು ಆಗುವುದಿಲ್ಲ. ನಾಡಿದ್ದು ಕುರ್ಚಿಯಲ್ಲಿ ಕೂತು ನೋಡುತ್ತಾರೆ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ನಾಲ್ಕನೇ ಮಾಳಿಗೆಯ ಬಾಡಿಗೆ ಮನೆ. ಬಾಲ್ಕನಿಯಲ್ಲಿ ಎರಡು ಚಟ್ಟಿ ಇಟ್ಟಿದ್ದಾಳೆ, ಒಂದರಲ್ಲಿ ತುಳಸಿ, ಒಂದರಲ್ಲಿ ಬಸಳೆ. ಇವತ್ತು ನಾನು ಆಕಾಶವಾಣಿಗೆ ಹೊರಡುವಾಗ ಫೋನ್ ಮಾಡಿದಳು. “ಅಮ್ಮ, ರಜೆ ಸಿಗಲಿಲ್ಲ. ಚಟ್ಟಿಯ ಮಣ್ಣಿಗೆ ಎಣ್ಣೆ ಬಿಟ್ಟರೆ ಆಗ್ತದಾ?” ಆಗ್ತದೆ ಅಂದೆ. ಮೂರು ಹನಿ ಸಾಕು, ಬುಡಕ್ಕೆ ಬೇಡ, ಅಂಚಿಗೆ ಬಿಡು ಅಂದೆ. ಬೆಂಗಳೂರಿನ ಚಳಿಗೆ ಎಣ್ಣೆ ಗಟ್ಟಿಯಾಗಿರುತ್ತದೆ, ಗ್ಯಾಸಿನ ಮೇಲೆ ಇಡಬೇಡ, ಕೈಯಲ್ಲಿ ಹಿಡಿದುಕೋ ಅಂತಲೂ ಹೇಳಿದೆ.

ನಮಸ್ಕಾರ.