ಮೊದಲಿಂದ ಕೊನೆಯ ತನಕ ಓದಲಾಗದ ಪುಸ್ತಕಗಳು

ಕೇಳುಗರಿಗೆಲ್ಲ ನಮಸ್ಕಾರ.

ಜೋರು ಮಳೆಯ ಆಟಿ ತಿಂಗಳು ಬಂತು. ಅಂಗಳಕ್ಕೆ ಇಳಿಯುವ ಹಾಗಿಲ್ಲ, ಗದ್ದೆಯ ಕೆಲಸವೂ ಒಂದು ಹದಕ್ಕೆ ಬಂದಿರುತ್ತದೆ. ಓದುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆದರೆ ಇತ್ತೀಚೆಗೆ ಏನು ಓದಿದಿರಿ ಎಂದು ಯಾರನ್ನಾದರೂ ಕೇಳಿ ನೋಡಿ. ಕಾದಂಬರಿಯ ಹೆಸರು ಬರುತ್ತದೆ, ಕಥಾಸಂಕಲನ, ಆತ್ಮಕಥೆ, ಹೆಚ್ಚೆಂದರೆ ಪ್ರವಾಸ ಕಥನ. ನಿಘಂಟು ಓದಿದೆ, ಪಂಚಾಂಗ ಓದಿದೆ ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ಎದುರಿನವರು ನಗುತ್ತಾರೆ.

ನಗುವಂಥದ್ದು ಎಂತ ಉಂಟು ಅದರಲ್ಲಿ? ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಸಲ ಕೈಗೆತ್ತಿಕೊಳ್ಳುವ ಪುಸ್ತಕಗಳು ಇವೇ. ಮೊದಲ ಪುಟದಿಂದ ಕೊನೆಯ ಪುಟಕ್ಕೆ ಓದಿಕೊಂಡು ಹೋಗುವ ಪುಸ್ತಕಗಳಲ್ಲ, ಅಷ್ಟೆ. ಬೇಕಾದ ಕಡೆ ತೆರೆದು, ಬೇಕಾದಷ್ಟು ಓದಿ ಮುಚ್ಚಿಡುವವು. ಇಂಥ ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಲು ಎರಡೇ ಪ್ರಶ್ನೆ ಸಾಕು. ಬೇಕಾದದ್ದು ಬೇಕಾದಾಗ ಸಿಗುತ್ತದೆಯೇ? ಸಿಕ್ಕಿದ್ದು ಕೆಲಸಕ್ಕೆ ಬರುತ್ತದೆಯೇ? ಇವತ್ತು ಅಂಥ ನಾಲ್ಕೈದು ಬಗೆಯ ಪುಸ್ತಕಗಳ ಬಗ್ಗೆ ಮಾತಾಡುತ್ತೇನೆ.

ಮೊದಲಿಗೆ ನಿಘಂಟು. ಮಂಗಳೂರಿನವರು ಕಿಟ್ಟೆಲ್ ಅವರ ಹೆಸರು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಇಲ್ಲಿಯೇ, ಬಾಸೆಲ್ ಮಿಶನ್ನಿನಿಂದ ಪ್ರಕಟವಾಯಿತು. ಸುಮಾರು 70,000 ಶಬ್ದಗಳು. ತುಂಬ ಮನೆಗಳಲ್ಲಿ, ಶಾಲೆಗಳಲ್ಲಿ ಇದರ ಮರುಮುದ್ರಣ ಉಂಟು. ತೆರೆಯುವವರು ಕಡಿಮೆ. ಕಾರಣ ಏನೆಂದರೆ, ಮೊದಲ ಸಲ ತೆರೆದವರಿಗೆ ಹುಡುಕಿದ ಶಬ್ದ ಸಿಗುವುದಿಲ್ಲ. ಶಬ್ದ ಇರುತ್ತದೆ, ಹುಡುಕುವ ದಾರಿ ತಪ್ಪಿರುತ್ತದೆ.

ಎಲ್ಲಿ ತಪ್ಪುತ್ತದೆ ನೋಡಿ. ‘ಬಿದ್ದ’ ಎಂಬುದನ್ನು ‘ಬಿ’ ಅಕ್ಷರದಲ್ಲಿ ಹುಡುಕುತ್ತೇವೆ. ಅರ್ಥ ಇರುವುದು ‘ಬೀಳು’ ಎಂಬಲ್ಲಿ. ‘ಸತ್ತ’ ಎಂಬುದು ‘ಸಾಯ್’ ಆಗಬೇಕು, ‘ತಂದ’ ಎಂಬುದು ‘ತರು’ ಆಗಬೇಕು, ‘ಕೊಟ್ಟ’ ಎಂಬುದು ‘ಕೊಡು’. ಕ್ರಿಯಾಪದವನ್ನು ಧಾತುವಿಗೆ, ಅಂದರೆ ಅದರ ಮೂಲ ರೂಪಕ್ಕೆ, ಇಳಿಸಿದ ಮೇಲೆಯೇ ನಿಘಂಟು ತೆರೆಯಬೇಕು. ಎರಡನೆಯದು ಪಕಾರ ಹಕಾರದ ವಿಷಯ. ಹಳಗನ್ನಡದಲ್ಲಿ ‘ಪ’ ಇದ್ದದ್ದು ಹೊಸಗನ್ನಡದಲ್ಲಿ ‘ಹ’ ಆಗಿದೆ. ಘಟ್ಟದ ಮೇಲಿನವರಿಗೆ ಇದನ್ನು ಸೂತ್ರ ಮಾಡಿ ಕಲಿಸಬೇಕು. ನಮಗೆ ತುಳುವೇ ಹೇಳಿಕೊಡುತ್ತದೆ. ಹುಲಿಗೆ ನಾವು ಪಿಲಿ ಎನ್ನುತ್ತೇವೆ, ಹತ್ತಕ್ಕೆ ಪತ್ತ್, ಹೊಸತಕ್ಕೆ ಪೊಸ. ಹಳೆಯ ಪದ್ಯ ಓದುವಾಗ ‘ಪ’ದಿಂದ ಶುರುವಾಗುವ ಅಪರಿಚಿತ ಶಬ್ದ ಎದುರಾದರೆ, ಮೊದಲು ‘ಹ’ ಹಾಕಿ ಬಾಯಲ್ಲಿ ಹೇಳಿ ನೋಡಿ. ಅರ್ಧಕ್ಕರ್ಧ ಶಬ್ದಗಳಿಗೆ ನಿಘಂಟೇ ಬೇಡ.

ಮೂರನೆಯದು ಸೊನ್ನೆ. ಅನುಸ್ವಾರ ಇರುವ ಶಬ್ದ ಹಳೆಯ ನಿಘಂಟುಗಳಲ್ಲೆಲ್ಲ ಒಂದೇ ಜಾಗದಲ್ಲಿ ಸಿಗುತ್ತದೆ ಎಂದು ಹೇಳಲಾಗದು. ಕೆಲವರು ಸೊನ್ನೆ ಇಟ್ಟು ಸ್ವರದ ಬೆನ್ನಿಗೇ ಹಾಕುತ್ತಾರೆ. ಕೆಲವರು ಙ, ಞ, ಣ, ನ, ಮ ಎಂಬ ಅನುನಾಸಿಕವಾಗಿ ಬರೆದು ಆ ವ್ಯಂಜನದ ಸರದಿಯಲ್ಲಿ ಹಾಕುತ್ತಾರೆ. ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ನೋಡದೆ ‘ಇಲ್ಲ’ ಎಂದು ಮುಚ್ಚಿಡಬೇಡಿ. ಹಾಗೆಯೇ ಮುನ್ನುಡಿಯ ಹತ್ತಿರ ಇರುವ ಸಂಕ್ಷೇಪಗಳ ಪಟ್ಟಿ. ಅದನ್ನು ಓದದೆ ಕಿಟ್ಟೆಲ್ ಓದಿದರೆ ಮುಕ್ಕಾಲು ಪಾಲು ನಷ್ಟ. ಶಬ್ದ ತದ್ಭವವೇ, ಅಕ್ಕಪಕ್ಕದ ಭಾಷೆಗಳಲ್ಲಿ ಅದಕ್ಕೆ ಯಾವ ನೆಂಟರಿದ್ದಾರೆ, ಇದೆಲ್ಲ ಆ ಒಂದೊಂದು, ಎರಡೆರಡು ಅಕ್ಷರಗಳಲ್ಲೇ ಅಡಗಿದೆ.

ಕಿಟ್ಟೆಲ್ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅದು 1894ರ ಪುಸ್ತಕ. ಅದರಲ್ಲಿರುವ ಇಂಗ್ಲಿಷ್ ಕೂಡ ಆ ಕಾಲದ್ದೇ. ಸರಕಾರಿ ಕಾಗದಕ್ಕೋ ಪತ್ರಿಕೆಯ ಅನುವಾದಕ್ಕೋ ಅದನ್ನು ನೆಚ್ಚಿಕೊಂಡರೆ ಕೆಲಸ ಕೆಡುತ್ತದೆ. ಒಂದು ಶಬ್ದವನ್ನು ಯಾವ ಕವಿ ಎಲ್ಲಿ ಬಳಸಿದ್ದಾನೆ ಎಂದು ತಿಳಿಯಲು ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ–ಕನ್ನಡ ನಿಘಂಟು ಇದೆ. ಆದರೆ ಕರಾವಳಿಯ ಶಬ್ದ ಸಿಕ್ಕಿಕೊಂಡಾಗ ನನ್ನ ಮತ ಉಡುಪಿಯ ತುಳು ನಿಘಂಟಿಗೆ. ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ತನಕ 6 ಸಂಪುಟಗಳಲ್ಲಿ ತಂದದ್ದು. ಯು.ಪಿ. ಉಪಾಧ್ಯಾಯರು ಪ್ರಧಾನ ಸಂಪಾದಕರು. ಅರ್ಥ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ತುಳು ಗೊತ್ತಿದ್ದವರು ಇದನ್ನು ತೆರೆದರೆ ಬೇಗ ಮುಚ್ಚಲಾರರು. ಮೀನಿನ ಹೆಸರು ಹುಡುಕಲು ಹೋಗಿ ಗಿಡದ ಹೆಸರಲ್ಲಿ ಸಿಕ್ಕಿಹಾಕಿಕೊಂಡು, ಅಲ್ಲಿಂದ ಕಂಬಳದ ಕೋಣನ ಹಗ್ಗಕ್ಕೆ ಬಂದು, ಒಲೆಯ ಮೇಲಿನ ಹಾಲು ಉಕ್ಕುವವರೆಗೂ ಕೂತಿರುತ್ತಾರೆ.

ಇನ್ನು ಯಕ್ಷಗಾನದ ಪ್ರಸಂಗ ಪುಸ್ತಕ. ಉಡುಪಿಯ ಪಾವಂಜೆ ಗುರುರಾಯರ ಪ್ರಕಾಶನದ ತೆಳು ಪ್ರಸಂಗ ಪುಸ್ತಕಗಳನ್ನು ನೋಡಿದವರು ಈ ಭಾಗದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನಾಟಕ ಓದುವ ಹಾಗೆ ಅದನ್ನು ಓದಲು ಕೂತವರಿಗೆ ನಿರಾಸೆ ಖಂಡಿತ. ಯಾಕೆಂದರೆ ಅದರಲ್ಲಿ ಮಾತೇ ಇಲ್ಲ. ಇರುವುದು ಪದ್ಯ ಮಾತ್ರ. ಅರ್ಥ, ಅಂದರೆ ಪಾತ್ರದ ಮಾತು, ವೇಷಧಾರಿಯ ಬಾಯಲ್ಲಿ ರಂಗದ ಮೇಲೆ ಹುಟ್ಟುವಂಥದ್ದು. ರಾತ್ರಿ ಇಡೀ ಆಡುವ ಆಟದ ಪುಸ್ತಕ ಇಷ್ಟು ತೆಳು ಇರುವುದು ಅದಕ್ಕೇ.

ಹಾಗಾದರೆ ಓದುವುದು ಹೇಗೆ? ಗಟ್ಟಿಯಾಗಿ, ಕೈಯಲ್ಲಿ ತಾಳ ತಟ್ಟುತ್ತ. ಪದ್ಯದ ತಲೆಯ ಮೇಲೆ ರಾಗ, ತಾಳ ಬರೆದಿರುತ್ತದೆ. ರಾಗವನ್ನು ಪದ್ಯ ಹಾಡುವ ಭಾಗವತರು ಸಂದರ್ಭ ನೋಡಿ ಬದಲಿಸುವುದುಂಟು, ಆದ್ದರಿಂದ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ತಾಳ ಬಿಡಬೇಡಿ. ಏಕ, ಝಂಪೆ, ತ್ರಿವುಡೆ ಯಾವುದೇ ಇರಲಿ, ಪದ್ಯದ ನಡಿಗೆ ಅದರಲ್ಲೇ ಇದೆ.

ಭಾಮಿನಿ ಷಟ್ಪದಿ ಬಂದಾಗ ಒಂದು ಲೆಕ್ಕ ನೆನಪಿರಲಿ. ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ, ಮೂರು–ನಾಲ್ಕು, ಮೂರು–ನಾಲ್ಕು ಎಂಬ ನಡಿಗೆ. ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಆ ಮೂರು–ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆ, ಒಟ್ಟು 23. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಸೊನ್ನೆ ಇದ್ದರೆ ಅಥವಾ ಮುಂದೆ ಒತ್ತಕ್ಷರ ಬಂದರೆ ಹ್ರಸ್ವಕ್ಕೂ ಎರಡು. ಈ ಮಾತಿಗಾಗಿಯೇ ಕಟ್ಟಿದ ಒಂದು ಸಾಲು ಹೇಳುತ್ತೇನೆ, ತೊಡೆಯ ಮೇಲೆ ತಟ್ಟಿಕೊಳ್ಳಿ. ‘ಮಳೆಯು – ಸುರಿಯಲು – ಮನೆಯ – ಮಾಡಿನ’. ಮೂರು, ನಾಲ್ಕು, ಮೂರು, ನಾಲ್ಕು. ಸರಿ ಉಂಟು. ಈಗ ಅಚ್ಚಿನಲ್ಲಿ ಒಂದು ‘ಯ’ ಬಿಟ್ಟುಹೋಗಿದೆ ಎಂದಿಟ್ಟುಕೊಳ್ಳಿ. ‘ಮಳೆಯು – ಸುರಿಲು – ಮನೆಯ – ಮಾಡಿನ’. ಎರಡನೆಯ ತಟ್ಟಿಗೆ ಕೈ ಎಡವಿತಲ್ಲ? ಕಣ್ಣು ದಾಟಿಹೋದ ತಪ್ಪನ್ನು ಕೈ ಹಿಡಿಯುತ್ತದೆ. ಹಳೆಯ ಪ್ರಸಂಗಗಳಲ್ಲಿ ಅಚ್ಚಿನ ತಪ್ಪು ಧಾರಾಳ. ‘ಕವಿಗೆ ಛಂದಸ್ಸು ಗೊತ್ತಿಲ್ಲ’ ಎಂದು ಬೈಯುವ ಮೊದಲು ಮಾತ್ರೆ ಎಣಿಸುವುದು ಒಳ್ಳೆಯದು.

ಕಾಗದ ಉಳಿಸಲಿಕ್ಕೆ ಪದ್ಯವನ್ನು ಗದ್ಯದ ಹಾಗೆ ಸಾಲು ಒಡೆಯದೆ ಅಚ್ಚು ಹಾಕಿದ ಪುಸ್ತಕಗಳೂ ಉಂಟು. ಅಲ್ಲಿ ಸಾಲು ಎಲ್ಲಿ ಮುಗಿಯಿತು ಎಂದು ತಿಳಿಯುವುದು ಪ್ರಾಸದಿಂದ. ಷಟ್ಪದಿಯಲ್ಲಿ ಆರೂ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ. ಮೊದಲ ಸಾಲಿನಲ್ಲಿ ಅದು ‘ಳ’ ಆದರೆ, 14 ಮಾತ್ರೆ ಎಣಿಸಿದ ಮೇಲೆ ಮತ್ತೆ ಎರಡನೆಯ ಅಕ್ಷರವಾಗಿ ‘ಳ’ ಬರಲೇಬೇಕು. ಪೆನ್ಸಿಲಿನಲ್ಲಿ ಒಂದು ಗೀಟು ಎಳೆದುಕೊಳ್ಳಿ. ನಾಲ್ಕು ಪದ್ಯಕ್ಕೆ ಗೀಟು ಬೇಕು, ಐದನೆಯದಕ್ಕೆ ಬೇಡ.

ಅಡುಗೆ ಪುಸ್ತಕಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಚಿತ್ರ ಹೆಚ್ಚಿದ ಹಾಗೆ ಅಳತೆ ಕಡಿಮೆಯಾಗುತ್ತ ಬಂದಿದೆ. ಕರಾವಳಿ ಅಡುಗೆ ಎಂಬ ಪುಸ್ತಕ ಕೊಳ್ಳುವ ಮೊದಲು ಅಂಗಡಿಯಲ್ಲಿ ನಿಂತು ಕೆಸುವಿನ ಎಲೆಯ ಪತ್ರೊಡೆಯ ಪುಟ ತೆರೆಯಿರಿ. ಆ ಒಂದು ಪುಟ ಸಾಕು. ಸಾಮಾನಿನ ಪಟ್ಟಿಯಲ್ಲಿ ಬರೀ ‘ಅಕ್ಕಿ’ ಎಂದಿದ್ದರೆ ಬರೆದವರಿಗೆ ನಮ್ಮ ಅಡುಗೆಮನೆ ಗೊತ್ತಿಲ್ಲ. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯೋ, ಕುಚ್ಚಲೋ ಎಂದು ಹೇಳಲೇಬೇಕು. ಪತ್ರೊಡೆಗೆ ಬೆಳ್ತಿಗೆ ಹಾಕುವುದು ರೂಢಿ. ಮೂರು ನಾಲ್ಕು ಗಂಟೆ ನೆನೆಸಿ, ಮಸಾಲೆಯ ಜೊತೆ ಕಡೆದು, ಎಲೆಗೆ ಹಚ್ಚಿದರೆ ಜಾರದಷ್ಟು ದಪ್ಪ ಇರಬೇಕು. ‘ಸ್ವಲ್ಪ ಹುಳಿ’ ಎಂದು ಬರೆದಿದ್ದರೆ ಪುಸ್ತಕವನ್ನು ಅಲ್ಲೇ ಇಟ್ಟುಬಿಡಿ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಗಂಟಲು ತುರಿಸುವುದು ಅದರಿಂದ. ಹುಳಿ ಮತ್ತು ಬೇಯಿಸುವ ಹೊತ್ತು, ಇವೆರಡೇ ಅದಕ್ಕೆ ಮದ್ದು. ಎರಡು ಲೋಟ ಅಕ್ಕಿಗೆ ದೊಡ್ಡ ನಿಂಬೆ ಗಾತ್ರದ ಹುಳಿ ಬೇಕು, ಆವಿಯಲ್ಲಿ ಮುಕ್ಕಾಲು ಗಂಟೆಗಿಂತ ಕಡಿಮೆ ಬೇಯಬಾರದು. ಎಲೆಯ ಬೆನ್ನಿನ ದಪ್ಪ ನರವನ್ನು ಚೂರಿಯಲ್ಲಿ ಸವರಿ ತೆಗೆಯಬೇಕು, ಇಲ್ಲದಿದ್ದರೆ ಸುತ್ತುವಾಗ ಎಲೆ ಹರಿಯುತ್ತದೆ. ತಣಿದ ಮೇಲೆಯೇ ಕೊಯ್ಯಬೇಕು, ಬಿಸಿಯಲ್ಲಿ ಕೊಯ್ದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಈ ನಾಲ್ಕು ಮಾತು ಇರುವ ಪುಸ್ತಕದಲ್ಲಿ ಒಂದೇ ಒಂದು ಚಿತ್ರ ಇಲ್ಲದಿದ್ದರೂ ದುಡ್ಡು ಕೊಡಬಹುದು.

ವಿಶ್ವಕೋಶ ಮತ್ತು ವಿಜ್ಞಾನದ ಪುಸ್ತಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಿವರಾಮ ಕಾರಂತರು ಮಕ್ಕಳಿಗಾಗಿ 3 ಸಂಪುಟಗಳ ‘ಬಾಲ ಪ್ರಪಂಚ’ ತಂದದ್ದು 1936ರಲ್ಲಿ. ಕಠಿಣ ವಿಷಯವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಬಗೆಯನ್ನು ಕಲಿಯಲು ಈಗಲೂ ಓದಬೇಕಾದ ಕೃತಿ. ಆದರೆ ಮಕ್ಕಳ ಪರೀಕ್ಷೆಗೆ ಅದರಿಂದ ಅಂಕಿಅಂಶ ಬರೆಸಬೇಡಿ. ಪ್ಲೂಟೊ ಕಣ್ಣಿಗೆ ಬಿದ್ದದ್ದೇ 1930ರಲ್ಲಿ, ಗ್ರಹಗಳ ಪಟ್ಟಿಯಿಂದ ಹೊರಬಿದ್ದದ್ದು 2006ರಲ್ಲಿ. ಇಂಥ ಪುಸ್ತಕ ಕೊಳ್ಳುವಾಗ ಶೀರ್ಷಿಕೆ ಪುಟದ ಹಿಂಬದಿ ನೋಡಿ. ‘ಮುದ್ರಣ’ ಎಂದಿದ್ದರೆ ಹಳೆಯದನ್ನೇ ಮತ್ತೆ ಅಚ್ಚು ಹಾಕಿದ್ದಾರೆ. ‘ಪರಿಷ್ಕೃತ ಆವೃತ್ತಿ’ ಎಂದಿದ್ದರೆ ಮಾತ್ರ ಒಳಗೆ ಕೈಯಾಡಿಸಿದ್ದಾರೆ ಎಂದು ಲೆಕ್ಕ. ಕೆಲವರು ಎರಡನ್ನೂ ಒಂದೇ ಎಂಬಂತೆ ಬರೆಯುತ್ತಾರೆ, ಅದು ಬೇರೆ ಮಾತು.

ಪಂಚಾಂಗಕ್ಕೆ ಬರೋಣ. ವರ್ಷಕ್ಕೊಮ್ಮೆ ಹೊಸತು ಕೊಂಡು, ಮೊಳೆಗೆ ನೇತುಹಾಕಿ, ದಿನಾ ನೋಡುವ ಪುಸ್ತಕ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಓದುವ ಲೆಕ್ಕ ಮಾತ್ರ ಸರಿ ಇರಲಿ. ತಿಥಿಯ ಮುಂದೆ 22–30 ಎಂದು ಇದ್ದರೆ ಅದನ್ನು ರಾತ್ರಿ ಹತ್ತೂವರೆ ಎಂದು ಓದುವವರಿದ್ದಾರೆ. ಅಲ್ಲ ಮಾರಾಯ್ರೇ, ಅದು ಘಳಿಗೆ ಮತ್ತು ವಿಘಳಿಗೆ. ಸೂರ್ಯೋದಯದಿಂದ ಎಣಿಕೆ. ಒಂದು ಘಳಿಗೆ ಅಂದರೆ 60 ವಿಘಳಿಗೆ, ಗಡಿಯಾರದ ಲೆಕ್ಕದಲ್ಲಿ 24 ನಿಮಿಷ. ಇಪ್ಪತ್ತೆರಡೂವರೆ ಘಳಿಗೆ ಅಂದರೆ 540 ನಿಮಿಷ, 9 ಗಂಟೆ. ಸೂರ್ಯೋದಯ 6 ಗಂಟೆ 15ಕ್ಕೆ ಆದರೆ ತಿಥಿ ಮುಗಿಯುವುದು ಮಧ್ಯಾಹ್ನ 3 ಗಂಟೆ 15ಕ್ಕೆ. ಕೆಲವು ಪಂಚಾಂಗಗಳು ಈಗ ನೇರವಾಗಿ ಗಂಟೆ–ನಿಮಿಷ ಕೊಡುತ್ತವೆ. ಯಾವುದು ಕೊಟ್ಟಿದ್ದಾರೆ ಎಂದು ಮೊದಲ ಪುಟಗಳಲ್ಲೇ ಹೇಳಿರುತ್ತಾರೆ. ನಾವು ಓದುವುದಿಲ್ಲ, ಅಷ್ಟೆ.

ಇನ್ನೊಂದು ಗಮನಿಸಬೇಕಾದ್ದು, ಗಣಿತ ಯಾವ ಊರಿಗೆ ಮಾಡಿದ್ದು ಎಂಬುದು. ಬೆಂಗಳೂರು, ಮಂಗಳೂರು ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದರೆ ನಾವು ಪಶ್ಚಿಮಕ್ಕೆ ಎರಡೂಮುಕ್ಕಾಲು ಡಿಗ್ರಿ ಸರಿದು ಕೂತಿದ್ದೇವೆ. ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ 11 ನಿಮಿಷ ತಡ. ಹಾಗೆಯೇ ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು ಎಂದು ಬಾಯಿಪಾಠ ಒಪ್ಪಿಸುತ್ತೇವಲ್ಲ, ಅದು ಬೆಳಿಗ್ಗೆ 6ಕ್ಕೆ ಉದಯ, ಸಂಜೆ 6ಕ್ಕೆ ಅಸ್ತ ಎಂದು ಹಿಡಿದ ಲೆಕ್ಕ. ಈ ಆಟಿಯಲ್ಲಿ ಉದಯ 6 ಗಂಟೆ 15, ಅಸ್ತ 6 ಗಂಟೆ 55 ಎಂದು ಇಟ್ಟುಕೊಂಡರೆ ಹಗಲು 760 ನಿಮಿಷ. ಎಂಟು ಪಾಲು ಮಾಡಿದರೆ ಒಂದೊಂದು 95 ನಿಮಿಷ. ಸೋಮವಾರಕ್ಕೆ ಎರಡನೆಯ ಪಾಲು, ಅಂದರೆ 7 ಗಂಟೆ 50ರಿಂದ 9 ಗಂಟೆ 25. ಒಂಬತ್ತಾಯಿತು, ರಾಹುಕಾಲ ಮುಗಿಯಿತು ಎಂದು ಹೊರಟವರು ಅದರೊಳಗೇ ಹೊರಟ ಹಾಗಾಯಿತು!

ಕೊನೆಗೆ ಈ ಪುಸ್ತಕಗಳ ಆರೈಕೆ. ಇವು ಮತ್ತೆ ಮತ್ತೆ ತೆರೆಯುವವು, ಅದೂ ಮಳೆಗಾಲದಲ್ಲಿ, ಕೆಲವೊಮ್ಮೆ ಒದ್ದೆ ಕೈಯಲ್ಲಿ. ಕಪಾಟನ್ನು ಗೋಡೆಗೆ ತಾಗಿಸಬೇಡಿ, ಮೂರು ಬೆರಳಷ್ಟು ಗಾಳಿಗೆ ಜಾಗ ಬಿಡಿ. ಬೂಷ್ಟು ಹಿಡಿದರೆ ಒದ್ದೆ ಬಟ್ಟೆ ತಾಗಿಸಲೇಬಾರದು. ಒಣ ಬಟ್ಟೆಯಲ್ಲಿ ಹೊರಗೆ ಜಗಲಿಯಲ್ಲಿ ಒರೆಸಿ, ಫ್ಯಾನಿನ ಗಾಳಿಗೆ ಪುಟ ಬಿಡಿಸಿಡಿ. ಬಿಸಿಲು ಬಂತೆಂದು ಅಂಗಳದಲ್ಲಿ ಹರವಿದರೆ ಕಾಗದ ಸೊಟ್ಟಗಾಗಿ ಅಂಟು ಬಿಡುತ್ತದೆ. ಸಾವಿರಕ್ಕೂ ಹೆಚ್ಚು ಪುಟದ ನಿಘಂಟನ್ನು ನಿಲ್ಲಿಸಿಟ್ಟರೆ ಪುಟಗಳ ಭಾರಕ್ಕೇ ಬೆನ್ನು ಕಿತ್ತು ಬರುತ್ತದೆ. ಉಳಿದವು ಸಾಲಾಗಿ ನಿಂತಿರಲಿ, ಕಿಟ್ಟೆಲ್ ಮಾತ್ರ ಮಲಗಿಯೇ ಇರಲಿ.

ನಮಸ್ಕಾರ.