ಸಮರಿಯಾ ಕಮರಿಯಲ್ಲಿ ಇಳಿಯುತ್ತಾ

ಎಲ್ಲರಿಗೂ ನಮಸ್ಕಾರ.

ಬೆಟ್ಟದ ನಡಿಗೆ ಅಂದರೆ ನಮಗೆ ಹತ್ತುವುದೇ ನೆನಪಾಗುತ್ತದೆ. ಕುಮಾರಪರ್ವತ ಹತ್ತಿದವರು ಈ ಸಭೆಯಲ್ಲೂ ಇರುತ್ತೀರಿ. ಆದರೆ ಗ್ರೀಸಿನ ಕ್ರೀಟ್ ದ್ವೀಪದಲ್ಲಿರುವ ಸಮರಿಯಾ ಕಮರಿಯಲ್ಲಿ ಎಲ್ಲ ತಿರುಗುಮುರುಗು. ಬೆಳಗ್ಗೆ ಹನಿಯಾ ಪಟ್ಟಣದಿಂದ ಬಸ್ಸು ಹಿಡಿದು ಒಮಾಲೋಸ್ ಬಯಲಿಗೆ ಬರಬೇಕು. ಅದರ ಅಂಚಿನಲ್ಲಿ, ಸುಮಾರು 1,230 ಮೀಟರ್ ಎತ್ತರದಲ್ಲಿ ದಾರಿ ಶುರುವಾಗುತ್ತದೆ. ಮುಗಿಯುವುದು ಸಮುದ್ರದ ದಂಡೆಯ ಅಗಿಯಾ ರೂಮೆಲಿ ಊರಿನಲ್ಲಿ. ಒಟ್ಟು 16 ಕಿ.ಮೀ., ಐದರಿಂದ ಏಳು ಗಂಟೆಯ ನಡಿಗೆ.

ಇಳಿಯೋದು ತಾನೇ, ಸುಲಭ ಅಲ್ವಾ ಅಂತ ನೀವು ಕೇಳಬಹುದು. ಸುಲಭ ಅಲ್ಲ. ಮೊದಲ ಕೆಲವು ಕಿಲೋಮೀಟರು ಸುತ್ತಿ ಸುತ್ತಿ ಇಳಿಯುವ ಕಡಿದಾದ ದಾರಿ. ಮಂಡಿಗೆ, ಕಾಲ್ಬೆರಳಿಗೆ ಅಲ್ಲೇ ಜಾಸ್ತಿ ಪೆಟ್ಟು. ಎದುರಿಗೆ ಗಿಂಗಿಲೋಸ್ ಬೆಟ್ಟದ ಬೋಳು ಬಂಡೆ ನಿಂತಿರುತ್ತದೆ. ಅದನ್ನು ನೋಡಬೇಕೆಂದರೆ ನಿಂತು ನೋಡಿ. ನಡೆಯುತ್ತಾ ತಲೆ ಎತ್ತಿದರೆ ಕಾಲು ಹೊರಳುವುದು ಖಂಡಿತ. ಒಳಗೆ ವಾಹನ ಬರುವ ಹಾಗಿಲ್ಲ. ಪೆಟ್ಟಾದವರನ್ನು ಹೇಸರಗತ್ತೆಯ ಮೇಲೆ ಕೂರಿಸಿ ಕರೆದೊಯ್ಯುತ್ತಾರೆ.

ಈಗ ಕಟ್ಟಿಗೆಯ ಕಟಕಟೆ ಇರುವ ಈ ಇಳಿಜಾರಿನಲ್ಲಿ ಹಿಂದೆ ಊರಿನವರು ಮರದ ದಿಮ್ಮಿಗಳಿಂದ ಮೆಟ್ಟಿಲು ಮಾಡಿಕೊಂಡಿದ್ದರು. ಪ್ರವಾಸಿಗರಿಗಾಗಿ ಅಲ್ಲ, ತಮ್ಮ ಮನೆಗೆ ಹೋಗಿಬರಲು. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ಸಮರಿಯಾದ ಚಿತ್ರಗಳಲ್ಲಿ ಬರೀ ಬಂಡೆ, ನೀರು, ಆಕಾಶ ಕಾಣುತ್ತವೆ. ಆದರೆ ನಾವು ನಡೆಯುವುದು ಒಂದು ಊರಿನ ಜನ ತುಳಿದು ಮಾಡಿದ ದಾರಿಯಲ್ಲಿ.

ಕಮರಿಯ ಹೆಚ್ಚುಕಡಿಮೆ ನಡುವೆ ಆ ಊರು ಸಿಗುತ್ತದೆ. ಅದರ ಹೆಸರೂ ಸಮರಿಯಾ. ಕಲ್ಲಿನ ಗೋಡೆಯ ಮನೆಗಳು. ಕೆಲವನ್ನು ರಿಪೇರಿ ಮಾಡಿ ಕಾವಲುಗಾರರು ಬಳಸುತ್ತಾರೆ, ಉಳಿದವು ಕುಸಿದಿವೆ. ಪಕ್ಕದಲ್ಲೇ ಆಲಿವ್ ಮರಗಳು. ಆಲಿವ್ ಮರ ತಾನಾಗಿ ಹೀಗೆ ಸಾಲಾಗಿ ಬೆಳೆಯುವುದಿಲ್ಲ, ಯಾರೋ ನೆಟ್ಟಿದ್ದು. ಸ್ವಲ್ಪ ದೂರದಲ್ಲಿ ಈಜಿಪ್ಟಿನ ಸಂತ ಮರಿಯಾಳ ಪುಟ್ಟ ಚರ್ಚು, 14ನೇ ಶತಮಾನದ್ದು. ಬಹಳ ಜನ ಇಲ್ಲಿ ಬೆಂಚಿನ ಮೇಲೆ ಕೂತು ರೊಟ್ಟಿ ತಿಂದು ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಮನೆಯ ಬಾಗಿಲ ಕಲ್ಲಿನ ಹತ್ತಿರವಾದರೂ ನಿಂತು ನೋಡಿ.

ಇಲ್ಲಿಯವರು ಮರ ಕಡಿದು, ಮೇಕೆ ಮೇಯಿಸಿ, ಜೇನು ಸಾಕಿ ಬದುಕಿದ್ದವರು. ಇಲ್ಲಿನ ಸೈಪ್ರೆಸ್ ಮರಕ್ಕೆ ಹಿಂದಿನಿಂದಲೂ ಬೇಡಿಕೆ ಇತ್ತು. ಆಗ ಕ್ರೀಟ್ ಆಳುತ್ತಿದ್ದ ಒಟ್ಟೊಮನ್ ತುರ್ಕರ ವಿರುದ್ಧ ದಂಗೆ ಎದ್ದಾಗಲೆಲ್ಲ ಸುತ್ತಲಿನ ಹೆಂಗಸರು, ಮಕ್ಕಳು ಈ ಕಮರಿಯಲ್ಲೇ ಅಡಗಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ವಿರುದ್ಧ ಹೋರಾಡಿದವರೂ ಈ ಬೆಟ್ಟಗಳಲ್ಲೇ ಬಚ್ಚಿಟ್ಟುಕೊಂಡಿದ್ದರು. 1941ರ ಮೇ ತಿಂಗಳಲ್ಲಿ ಗ್ರೀಸಿನ ರಾಜ ಎರಡನೇ ಜಾರ್ಜ್ ಇದೇ ಬೆಟ್ಟಸಾಲು ದಾಟಿ, ಕೆಳಗಿನ ಅಗಿಯಾ ರೂಮೆಲಿಯಿಂದ ಹಡಗು ಹತ್ತಿ ಪಾರಾದ.

1962ರಲ್ಲಿ ಕಮರಿ ರಾಷ್ಟ್ರೀಯ ಉದ್ಯಾನವಾಯಿತು. ಊರಿನಲ್ಲಿ ಉಳಿದಿದ್ದವರು ಮನೆ ಬಿಟ್ಟು ಹೊರಡಬೇಕಾಯಿತು. ಉದ್ಯಾನ ಮಾಡಿದ್ದರ ಒಂದು ಮುಖ್ಯ ಉದ್ದೇಶ ಕ್ರಿ-ಕ್ರಿ ಎಂಬ ಕಾಡುಮೇಕೆಯನ್ನು ಉಳಿಸುವುದು. ಹಿಂದಕ್ಕೆ ಬಾಗಿದ ಕೊಂಬು, ಕಂದು ಮೈ, ಬೆನ್ನ ಮೇಲೆ ಕಪ್ಪು ಗೆರೆ. ಬೇಟೆಯಿಂದ ಅದು ಅಳಿದೇ ಹೋಗುವ ಸ್ಥಿತಿಯಲ್ಲಿತ್ತು. ಈಗ ಊರಿನ ಹತ್ತಿರ ಬೆಂಚುಗಳ ಸುತ್ತ ಧೈರ್ಯವಾಗಿ ಓಡಾಡುತ್ತದೆ. ತಿನ್ನಲು ಏನೂ ಕೊಡಬೇಡಿ.

ಈ ಮೇಕೆಯ ಕಥೆ ಸ್ವಾರಸ್ಯವಾಗಿದೆ. ಇದು ಮೂಲದಲ್ಲಿ ಕಾಡಿನ ಪ್ರಾಣಿ ಅಲ್ಲ. ಸಾವಿರಾರು ವರ್ಷಗಳ ಹಿಂದೆ, ಹೊಸ ಶಿಲಾಯುಗದಲ್ಲಿ ಕ್ರೀಟ್‌ಗೆ ದೋಣಿಯಲ್ಲಿ ಬಂದ ರೈತರು ಮೇಕೆಗಳನ್ನೂ ಜೊತೆಗೆ ತಂದರು. ಅವುಗಳಲ್ಲಿ ಕೆಲವು ತಪ್ಪಿಸಿಕೊಂಡು ಬೆಟ್ಟ ಸೇರಿದವು. ಕ್ರಿ-ಕ್ರಿ ಅವುಗಳ ವಂಶ ಅನ್ನುವುದಕ್ಕೆ ಡಿಎನ್ಎ ಪರೀಕ್ಷೆಯ ಆಧಾರ ಇದೆ. ಅಂದರೆ ಮನುಷ್ಯರ ಜೊತೆ ಬಂದ ಮೇಕೆಗಾಗಿ ಮನುಷ್ಯರನ್ನು ಹೊರಗೆ ಕಳಿಸಿದ ಹಾಗಾಯಿತು. ಮೇಕೆ ಉಳಿದದ್ದು ನನಗೆ ತುಂಬಾ ಸಂತೋಷ. ಆದರೆ ಊರು ಬರಿದಾದದ್ದನ್ನು ಸಣ್ಣ ವಿಷಯ ಅಂತ ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ. ನಮ್ಮ ಭದ್ರಾ, ನಾಗರಹೊಳೆ ಕಾಡುಗಳಿಂದಲೂ ಜನ ಹೊರಗೆ ಬಂದಿದ್ದಾರೆ. ಅವರ ಕಷ್ಟ ನಿಮಗೆ ಗೊತ್ತಿರುವುದರಿಂದ ಇಷ್ಟು ಹೇಳಿದರೆ ಸಾಕು.

ಊರು ದಾಟಿದ ಮೇಲೆ ಗೋಡೆಗಳು ಹತ್ತಿರವಾಗುತ್ತಾ ಬರುತ್ತವೆ. ಕಾಲಡಿ ಉರುಟು ಬಿಳಿ ಕಲ್ಲು. ತೊರೆಯನ್ನು ಆಚೆಯಿಂದ ಈಚೆಗೆ ಮತ್ತೆ ಮತ್ತೆ ದಾಟಬೇಕು. ಬಂಡೆಯ ಬಿರುಕುಗಳಲ್ಲಿ ದಿಕ್ತಮೋ ಎಂಬ ಗಿಡ ಇದೆ. ಎಲೆಗಳ ಮೇಲೆ ಬೆಳ್ಳಗಿನ ನವಿರಾದ ರೋಮ, ಗುಲಾಬಿ ಬಣ್ಣದ ಹೂವು. ಕ್ರೀಟಿನವರು ಅದರ ಕಷಾಯ ಕುಡಿಯುತ್ತಾರೆ. ಹಿಂದೆ ಇದನ್ನು ಕೀಳಲು ಹೋಗಿ ಬಂಡೆಯಿಂದ ಬಿದ್ದು ಸತ್ತವರಿದ್ದಾರೆ. ಈಗ ಉದ್ಯಾನದಲ್ಲಿ ಯಾವ ಗಿಡವನ್ನೂ ಕೀಳುವಂತಿಲ್ಲ.

ಆಮೇಲೆ ಪೋರ್ಟೆಸ್. ಎರಡೂ ಕಡೆ ಸುಮಾರು 300 ಮೀಟರ್ ಎತ್ತರದ ಗೋಡೆ, ನಡುವೆ ಮೂರು ನಾಲ್ಕು ಮೀಟರ್ ಜಾಗ. ಹಲಗೆ ಹಾಸಿದ ದಾರಿಯ ಕೆಳಗೆ ನೀರು. ಮೇಲೆ ಬಿದ್ದ ಮಳೆಯೆಲ್ಲ ಇಷ್ಟು ಸಂದಿಯಿಂದಲೇ ಹೊರಗೆ ಹೋಗಬೇಕು. ಅದಕ್ಕೇ ಚಳಿಗಾಲದಲ್ಲಿ ಕಮರಿ ಮುಚ್ಚಿರುತ್ತದೆ, ಸಾಮಾನ್ಯವಾಗಿ ಮೇಯಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ. ಆ ತಿಂಗಳುಗಳಲ್ಲೂ ಮಳೆಯ ಸೂಚನೆ ಇದ್ದರೆ ಬಾಗಿಲು ಹಾಕುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ಹಳೆಯ ಅಗಿಯಾ ರೂಮೆಲಿ ಊರನ್ನು ಜನ ಬಿಟ್ಟದ್ದು 1954ರ ಪ್ರವಾಹದ ನಂತರ.

ಕೊನೆಗೆ ಕೆಲವು ಕೆಲಸದ ಮಾತು. ಟಿಕೆಟ್ ಬಿಸಾಡಬೇಡಿ, ಹೊರಗೆ ಹೋಗುವಾಗ ಕೇಳುತ್ತಾರೆ. ಒಳಗೆ ಯಾರೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಅದು ಬೇಕು. ದಾರಿಯಲ್ಲಿ ಬುಗ್ಗೆಯ ನೀರು ಸಿಗುತ್ತದೆ, ಒಂದು ಬಾಟಲಿ ಸಾಕು. ತಿಂಡಿ ಮಾತ್ರ ನೀವೇ ಒಯ್ಯಬೇಕು. ಹಿಮ್ಮಡಿ ಗಟ್ಟಿಯಾಗಿ ಹಿಡಿಯುವ ಬೂಟು ಹಾಕಿ. ಅಗಿಯಾ ರೂಮೆಲಿಗೆ ರಸ್ತೆಯೇ ಇಲ್ಲ, ಸಂಜೆಯ ದೋಣಿ ತಪ್ಪಿದರೆ ಅಲ್ಲೇ ರಾತ್ರಿ ಕಳೆಯಬೇಕು. ಮಂಡಿ ನೋವಿರುವ ಅಪ್ಪ ಅಮ್ಮ ಜೊತೆಗಿದ್ದರೆ ಅವರನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ. ಅದೇ ಕರಾವಳಿಯ ಹೋರಾ ಸ್ಫಾಕಿಯಾನ್ ಅಥವಾ ಸೂಯಾದಿಂದ ದೋಣಿಯಲ್ಲಿ ನೇರ ಅಗಿಯಾ ರೂಮೆಲಿಗೆ ಕರೆದುಕೊಂಡು ಬನ್ನಿ. ಅಲ್ಲಿಂದ ನಿಧಾನವಾಗಿ ಮೇಲಕ್ಕೆ ನಡೆದರೆ ಪೋರ್ಟೆಸ್ ತನಕ ಅವರೂ ಬರಬಹುದು.