ಬೆಳಗಿನ ತಟ್ಟೆಯಲ್ಲಿ ಏನಿರಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಮಂದಿಗೆಲ್ಲ ತಿಂಡಿ ಬಡಿಸಿ, ತಮ್ಮ ಪಾಲಿನದನ್ನು ಇನ್ನೂ ಮುಟ್ಟದೆ ಅಡುಗೆಮನೆಯಲ್ಲಿ ನಿಂತೇ ಈ ಮಾತನ್ನು ಕೇಳುತ್ತಿರುವವರು ಅನೇಕರಿರಬಹುದು. ನಾನು ಮುಖ್ಯವಾಗಿ ಅವರಿಗಾಗಿಯೇ ಮಾತನಾಡುತ್ತಿದ್ದೇನೆ. ಆಹಾರ ತಜ್ಞೆಯಾದ ನನ್ನನ್ನು ಜನರು ಮೇಲಿಂದ ಮೇಲೆ ಕೇಳುವುದು, ಸುಸ್ತು ಕಳೆಯಲು ಯಾವ ಟಾನಿಕ್ ಕುಡಿಯಬೇಕು ಎಂದು. ನನ್ನ ಉತ್ತರ ಇಷ್ಟೇ: ಹಿಟ್ಟಿನ ಪದಾರ್ಥವನ್ನು ಬರಿದಾಗಿ ತಿನ್ನಬೇಡಿ. ಅದರ ಜೊತೆಗೆ ಕಾಳು, ಹಾಲು, ಮೊಸರು, ಮೊಟ್ಟೆ, ಇವುಗಳಲ್ಲಿ ಒಂದಾದರೂ ಇರಲಿ.

ಇದಕ್ಕೆ ಕಾರಣ ಸರಳವಾಗಿದೆ. ನಮ್ಮ ದೇಹದ ತೂಕದಲ್ಲಿ ಸುಮಾರು ಶೇಕಡಾ 2ರಷ್ಟೇ ಇರುವ ಮಿದುಳು, ನಾವು ಸುಮ್ಮನೆ ಕುಳಿತಿರುವಾಗಲೂ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇಕಡಾ 20ರಷ್ಟನ್ನು ತಾನೊಂದೇ ಬಳಸಿಕೊಳ್ಳುತ್ತದೆ. ಅದಕ್ಕೆ ಬೇಕಾಗುವುದು ಮುಖ್ಯವಾಗಿ ರಕ್ತದಲ್ಲಿ ಹರಿದುಬರುವ ಗ್ಲೂಕೋಸ್. ಸಕ್ಕರೆ ಚಹಾ, ಮೈದಾ ಬಿಸ್ಕತ್ತು, ಬಿಳಿ ಬ್ರೆಡ್ಡು ಬೇಗನೆ ಜೀರ್ಣವಾಗುವುದರಿಂದ ಗ್ಲೂಕೋಸ್ ಸರ್ರನೆ ಏರುತ್ತದೆ, ಇನ್ಸುಲಿನ್ ಅದನ್ನು ಅಷ್ಟೇ ಬೇಗ ಇಳಿಸುತ್ತದೆ, ಎರಡು ಮೂರು ಗಂಟೆ ಕಳೆಯುವುದರೊಳಗೆ ಮತ್ತೆ ಹಸಿವು, ಮಂಕು, ಆಕಳಿಕೆ. ಜೊತೆಗೆ ಪ್ರೋಟೀನು ಮತ್ತು ನಾರು ಇದ್ದರೆ ಆಹಾರವು ಹೊಟ್ಟೆಯಿಂದ ನಿಧಾನವಾಗಿ ಮುಂದೆ ಸಾಗುತ್ತದೆ, ಗ್ಲೂಕೋಸೂ ನಿಧಾನವಾಗಿಯೇ ರಕ್ತಕ್ಕೆ ಸೇರುತ್ತದೆ.

ಹೊಲಿಗೆ ಕೆಲಸ ಮಾಡುವ ಮಹಿಳೆಯೊಬ್ಬರು ನನ್ನ ಬಳಿಗೆ ಬಂದಿದ್ದರು. ಬೆಳಿಗ್ಗೆ ಲವಲವಿಕೆಯಿಂದ ಯಂತ್ರದ ಮುಂದೆ ಕೂರುವ ಅವರಿಗೆ ಹನ್ನೊಂದು ಗಂಟೆಯಾಗುತ್ತಲೇ ಕಣ್ಣು ಮಂಜಾಗಿ, ಸೂಜಿಯ ಕಣ್ಣಿಗೆ ದಾರ ಪೋಣಿಸುವಷ್ಟೂ ಕೈ ನಿಲ್ಲುತ್ತಿರಲಿಲ್ಲವಂತೆ. ಅದಕ್ಕಾಗಿ ಯಂತ್ರದ ಖಾನೆಯಲ್ಲಿ, ದಾರದುಂಡೆಗಳ ಪಕ್ಕದಲ್ಲಿ, ಒಂದು ಸಿಹಿ ಬಿಸ್ಕತ್ತಿನ ಪೊಟ್ಟಣವನ್ನು ಇಟ್ಟುಕೊಂಡಿರುತ್ತಿದ್ದರು. ತಿಂದ ಕೂಡಲೇ ಚೇತರಿಕೆ, ಊಟದ ಹೊತ್ತಿಗೆ ಮತ್ತೆ ಅದೇ ಸುಸ್ತು. ಬೆಳಿಗ್ಗೆ ಏನು ತಿನ್ನುತ್ತೀರಿ ಎಂದು ಕೇಳಿದೆ. ಜಾಮ್ ಸವರಿದ ಎರಡು ತುಂಡು ಬ್ರೆಡ್ಡು, ಮೂರು ಚಮಚ ಸಕ್ಕರೆಯ ಚಹಾ ಎಂದರು. ರಕ್ತ ಪರೀಕ್ಷೆಯ ವರದಿಯಲ್ಲಿ ಯಾವ ದೋಷವೂ ಇರಲಿಲ್ಲ. ಬ್ರೆಡ್ಡು ಇರಲಿ, ಜಾಮ್ ಬಿಟ್ಟು ಒಂದು ಮೊಟ್ಟೆಯನ್ನೋ ಒಂದು ಬಟ್ಟಲು ಬೇಯಿಸಿದ ಕಾಳನ್ನೋ ಸೇರಿಸಿಕೊಳ್ಳಿ, ಚಹಾದ ಸಕ್ಕರೆಯನ್ನು ಒಂದು ಚಮಚಕ್ಕೆ ಇಳಿಸಿ ಎಂದೆ. ಅವರ ಮುಖ ಸಪ್ಪಗಾಯಿತು. "ಅಷ್ಟೇನಾ ಮೇಡಂ? ಔಷಧಿ ಏನೂ ಬರೆದುಕೊಡುವುದಿಲ್ಲವೇ?" ಎಂದರು. ಇಂಥ ಪ್ರಶ್ನೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಸೀಸೆಯಲ್ಲಿ ಬರುವುದಕ್ಕೆ ಸಿಗುವ ಮರ್ಯಾದೆ ತಟ್ಟೆಯಲ್ಲಿರುವುದಕ್ಕೆ ಸಿಗುವುದೇ ಇಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ. ಅವರ ಬೆಳಗಿನ ತಿಂಡಿಗೆ ಬೇಕಾಗಿದ್ದದ್ದು ಅದೇ. ಕೆಲವು ವಾರಗಳ ನಂತರ ಅವರೇ ಬಂದು, ಖಾನೆಯಲ್ಲಿನ ಬಿಸ್ಕತ್ತು ಒಡೆಯದೆ ಹಾಗೆಯೇ ಉಳಿದಿದೆ, ಮಧ್ಯಾಹ್ನದವರೆಗೂ ಹೊಲಿಗೆ ನಿಲ್ಲಿಸುವ ಪ್ರಮೇಯವೇ ಬರುವುದಿಲ್ಲ ಎಂದು ಹೇಳಿದರು. ಹಿಟ್ಟಿನ ಜೊತೆಗೆ ಪ್ರೋಟೀನು ಇರಲಿ ಎಂದು ನಾನು ಪದೇಪದೇ ಹೇಳುವುದು ಇದಕ್ಕಾಗಿಯೇ. ಮಕ್ಕಳ ಡಬ್ಬಿಗೂ ಇದೇ ಮಾತು, ವಯಸ್ಸಾದವರ ರಾತ್ರಿಯೂಟಕ್ಕೂ ಇದೇ ಮಾತು.

ಸಮಯ ಕಡಿಮೆ ಇರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಕಾಫಿ ಶಕ್ತಿಯನ್ನು ಕೊಡುವುದಿಲ್ಲ. ದಣಿವಿನ ಸೂಚನೆ ಕೊಡುವ ಅಡೆನೊಸಿನ್ ಎಂಬ ರಾಸಾಯನಿಕವು ಮಿದುಳಿನಲ್ಲಿ ಕೆಲಸ ಮಾಡದಂತೆ ತಡೆಯುತ್ತದೆ, ಅಷ್ಟೇ. ಸೊಪ್ಪು ಮತ್ತು ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ವಿಟಮಿನ್ ಸಿ ನೆರವಾಗುತ್ತದೆ, ಆದ್ದರಿಂದ ಮೇಲೆ ನಿಂಬೆರಸ ಹಿಂಡಿಕೊಳ್ಳಿ. ಚಹಾ ಅದಕ್ಕೆ ಅಡ್ಡಿ ಮಾಡುತ್ತದೆ, ಹಾಗಾಗಿ ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯ ಅಂತರವಿರಲಿ. ನೀರನ್ನು ಮರೆಯಬೇಡಿ.

ತಿಂಡಿಯನ್ನು ಹೀಗೆ ಸರಿಪಡಿಸಿಕೊಂಡ ಮೇಲೂ ಮೆಟ್ಟಿಲು ಹತ್ತುವಾಗ ಏದುಸಿರು ಬರುವವರು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಗರ್ಭಿಣಿಯರಲ್ಲದ ಮಹಿಳೆಯರಲ್ಲಿ ಅದು ಒಂದು ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಅರ್ಥ. ಆಗ ವೈದ್ಯರನ್ನು ಕಾಣಲೇಬೇಕು. ನಮಸ್ಕಾರ.